ಸಚಿವಾಲಯವಿದ್ದ ಊರು, ಪಂಚಾಯಿತಿಯಿಲ್ಲದ ಕಾಲ

ಕರ್ನಾಟಕದಲ್ಲಿ 'ಸಚಿವಾಲಯ' ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ವಿಧಾನಸೌಧ. ಬಳ್ಳಾರಿಯಿಂದ ಗಡಿ ದಾಟಿ ಆಲೂರು, ಹೊಳಗುಂದ, ಆದವಾನಿಗಳ ಕಡೆಗೆ ಹೋದರೆ ಅದೇ ಪದಕ್ಕೆ ಬೇರೆ ಅರ್ಥವಿದೆ. ಅಲ್ಲಿ ಸಚಿವಾಲಯವೆಂದರೆ ಊರೊಳಗಿನ ಒಂದು ಸರಕಾರಿ ಕಚೇರಿ. 2019ರ ಅಕ್ಟೋಬರ್ 2ರಂದು ಆಂಧ್ರಪ್ರದೇಶ ಸರಕಾರ ಜಾರಿಗೆ ತಂದ ವ್ಯವಸ್ಥೆಯಂತೆ ಸುಮಾರು 2000 ಜನಸಂಖ್ಯೆಗೆ ಒಂದು ಗ್ರಾಮ ಸಚಿವಾಲಯವಿರಬೇಕಿತ್ತು. ಅದರಲ್ಲಿ ಪಂಚಾಯಿತಿ ಕಾರ್ಯದರ್ಶಿ, ಕಂದಾಯಾಧಿಕಾರಿ, ಭೂಮಾಪಕ, ಆರೋಗ್ಯ ಸಹಾಯಕಿ, ಕೃಷಿ ಸಹಾಯಕ ಮೊದಲಾಗಿ ಹತ್ತರಷ್ಟು ಸಿಬ್ಬಂದಿ ಇರಬೇಕಿತ್ತು. ಅದಕ್ಕೂ ಕೆಲವು ವಾರ ಮೊದಲು, ಅದೇ ವರ್ಷದ ಆಗಸ್ಟ್ 15ರಂದು, ಐವತ್ತು ಮನೆಗೆ ಒಬ್ಬರಂತೆ ಗ್ರಾಮ ಸ್ವಯಂಸೇವಕರನ್ನು ನೇಮಿಸಲಾಗಿತ್ತು. ಅವರಿಗೆ ಆಗ ತಿಂಗಳಿಗೆ 5000 ರೂಪಾಯಿ ಗೌರವಧನವಿತ್ತು.

ಕೊರೋನಾ ಬಂದಾಗ ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಈ ಸಚಿವಾಲಯವಿತ್ತು, ಸ್ವಯಂಸೇವಕರಿದ್ದರು. ಇಲ್ಲದೆ ಇದ್ದದ್ದು ಪಂಚಾಯಿತಿ. ಆ ಕಾಲದ ಗ್ರಾಮಜೀವನವನ್ನು ತಿಳಿಯಬಯಸುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಪ್ರಕಾರ ಪಂಚಾಯಿತಿಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ಆಂಧ್ರದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ 2018ರ ಆಗಸ್ಟ್‌ನಲ್ಲಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ವಿಶೇಷಾಧಿಕಾರಿಗಳ ಆಡಳಿತ ಬಂದಿತು. ಒಬ್ಬ ಅಧಿಕಾರಿಯ ಕೈಯಲ್ಲಿ ಹಲವು ಊರು. ಹಣದ ದಾರಿಯೂ ಬಿಗಿಯಾಯಿತು, ಏಕೆಂದರೆ 14ನೆಯ ಹಣಕಾಸು ಆಯೋಗವು ತನ್ನ ಅನುದಾನವನ್ನು ವಿಧಿವತ್ತಾಗಿ ರಚಿತವಾದ ಪಂಚಾಯಿತಿಗಳಿಗೆಂದೇ ಗೊತ್ತುಪಡಿಸಿತ್ತು. ಕೊನೆಗೆ 2020ರ ಮಾರ್ಚ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಸಿದ್ಧತೆ ನಡೆದಿರುವಾಗಲೇ, ಮಾರ್ಚ್ 15ರಂದು, ರಾಜ್ಯ ಚುನಾವಣಾ ಆಯುಕ್ತರು ಸೋಂಕಿನ ಕಾರಣದಿಂದ ಅದನ್ನು ಮುಂದೂಡಿದರು. ಹತ್ತು ದಿನಗಳಲ್ಲಿ ದೇಶವೇ ಲಾಕ್‌ಡೌನ್ ಆಯಿತು. ಆಯುಕ್ತರಿಗೂ ರಾಜ್ಯ ಸರಕಾರಕ್ಕೂ ನಡುವೆ ನ್ಯಾಯಾಲಯದ ಮೆಟ್ಟಿಲೇರಿದ ಜಗಳ ಪತ್ರಿಕೆಗಳಲ್ಲಿ ಬಹಳ ಜಾಗ ಪಡೆಯಿತು. ನಮಗೆ ಅದರ ವಿವರ ಬೇಡ.

ಶಾಸನಪಾಠಗಳಲ್ಲಿ ನೀವು ಗಾವುಂಡ, ಮಹಾಜನ, ಸೇನಬೋವ ಎಂಬ ಹೆಸರುಗಳನ್ನು ಓದಿದ್ದೀರಿ. ಸೇನಬೋವನು ಲೆಕ್ಕಪತ್ರ ಬರೆಯುವವನು. ಊರಿನ ಪರವಾಗಿ ನಿರ್ಧರಿಸುವವರು, ಸಾಕ್ಷಿಯಾಗಿ ನಿಲ್ಲುವವರು ಬೇರೆ. ಹಳೆಯ ಮಹಾಜನರೆಂದರೆ ಊರಿನ ಎಲ್ಲ ಜನರಲ್ಲ, ಗಾವುಂಡನನ್ನು ಯಾರೂ ಮತ ಹಾಕಿ ಆರಿಸುತ್ತಿರಲಿಲ್ಲ; ಆದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ 2020ರ ಪರಿಸ್ಥಿತಿಯನ್ನು ಹೇಳಲು ಅದು ಒದಗುತ್ತದೆ: ಊರಿನಲ್ಲಿ ಹತ್ತು ಮಂದಿ ಸೇನಬೋವರಿದ್ದರು, ಸಭೆಯಿರಲಿಲ್ಲ.

ಸೇನಬೋವರು ಕೆಲಸ ಮಾಡಲಿಲ್ಲವೆಂದು ಯಾರೂ ಹೇಳಲಾರರು. ಏಪ್ರಿಲ್ ತಿಂಗಳಲ್ಲಿ ಕರ್ನೂಲು ಜಿಲ್ಲೆ ಸೋಂಕಿನ ಸಂಖ್ಯೆಯಲ್ಲಿ ರಾಜ್ಯಕ್ಕೇ ಮುಂದಿತ್ತು. ಜ್ವರ, ಕೆಮ್ಮು ಇದ್ದವರನ್ನು, ಹೊರಗಿನಿಂದ ಬಂದವರನ್ನು ಗುರುತಿಸಲು ಸ್ವಯಂಸೇವಕರು, ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದರು. ತಿಂಗಳ ಮೊದಲ ದಿನ ವೃದ್ಧರ ಪಿಂಚಣಿಯನ್ನು ಬಾಗಿಲಿಗೇ ತಲುಪಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ಬಡ ಕುಟುಂಬಗಳಿಗೆ ರಾಜ್ಯ ಸರಕಾರ ಕೊಟ್ಟ 1000 ರೂಪಾಯಿಯೂ ಅವರ ಕೈಯಿಂದಲೇ ಹಂಚಿಕೆಯಾಯಿತು. ಕನ್ನಡ ಮನೆಮಾತಿನ ಊರುಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವಿತ್ತು. ಸರಕಾರದ ನಮೂನೆ, ಪ್ರಕಟಣೆಗಳು ಹೆಚ್ಚಾಗಿ ತೆಲುಗಿನಲ್ಲಿ ಬರುತ್ತವೆ. ಆದರೆ ಸ್ವಯಂಸೇವಕರನ್ನು ಅದೇ ಊರಿನಿಂದ ಆರಿಸುವ ನಿಯಮವಿದ್ದುದರಿಂದ, ಮನೆಯ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಬಲ್ಲವರು ಬಾಗಿಲಿಗೆ ಬಂದರು. ಬರೆದದ್ದು ತೆಲುಗು, ಆಡಿದ್ದು ಕನ್ನಡ. ಗಡಿನಾಡಿನ ಆಡಳಿತಭಾಷೆಯ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಇಷ್ಟೇ ಒಳ್ಳೆಯ ವಿಷಯ.

ಆದರೆ ತಲುಪಿಸುವುದು ಒಂದು ಕೆಲಸ, ನಿರ್ಧರಿಸುವುದು ಮತ್ತೊಂದು. ಈ ಭೇದ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ದುಡಿಯಲು ಹೋದವರು ಊರಿಗೆ ಮರಳಿದಾಗ.

ಉತ್ತರ ಕರ್ನಾಟಕದಲ್ಲಿ 'ಗುಳೆ ಹೋಗುವುದು' ಎಂದರೆ ಏನೆಂದು ನಿಮಗೆ ಗೊತ್ತು. ಆದವಾನಿ, ಕೋಸಗಿ, ಕೌತಾಳ, ಮಂತ್ರಾಲಯದ ಸೀಮೆಯಲ್ಲಿ ಅದಕ್ಕೆ 'ಸುಗ್ಗಿಗೆ ಹೋಗುವುದು' ಎನ್ನುತ್ತಾರೆ. ಅಲ್ಲಿನ ತೆಲುಗು ಪತ್ರಿಕೆಗಳೂ ಈ ಪದವನ್ನೇ ಬಳಸುತ್ತವೆ. ನಮಗೆ ಸುಗ್ಗಿಯೆಂದರೆ ಮನೆಗೆ ಧಾನ್ಯ ಬರುವ ಕಾಲ, ಹಿಗ್ಗಿನ ಕಾಲ. ಮಳೆ ಕೈಕೊಡುವ ಆ ಸೀಮೆಯಲ್ಲಿ ಸುಗ್ಗಿಯೆಂದರೆ ಮನೆಗೆ ಬೀಗ ಹಾಕಿ, ಬೇರೆಯವರ ಸುಗ್ಗಿಗೆ ಕೂಲಿಯಾಗಿ ಹೋಗುವುದು. ಗುಂಟೂರು ಜಿಲ್ಲೆಯ ಮೆಣಸಿನಕಾಯಿ ಹೊಲಗಳಿಗೆ ಇಡೀ ಕುಟುಂಬಗಳು ಹೋಗುತ್ತವೆ, ಮಕ್ಕಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮೆಣಸಿನಕಾಯಿ ಬಿಡಿಸುವ ಕೆಲಸ ನಡೆಯುವ ತಿಂಗಳುಗಳಲ್ಲೇ ಲಾಕ್‌ಡೌನ್ ಬಂದುದರಿಂದ ಸಾವಿರಾರು ಮಂದಿ ಗುಂಟೂರಿನಲ್ಲೇ ಸಿಕ್ಕಿಕೊಂಡರು. ಕೆಲವು ವಾರಗಳ ನಂತರ ಸರಕಾರ ಅವರನ್ನು ಬಸ್ಸುಗಳಲ್ಲಿ ಕರೆತಂದಿತು.

ಬಂದವರನ್ನು ಎಲ್ಲಿ ಇರಿಸುವುದು? ಶಾಲೆಯಲ್ಲೋ, ಮನೆಯಲ್ಲೋ, ಊರ ಹೊರಗಿನ ಹೊಲದಲ್ಲೋ? ಒಂದೇ ಕೋಣೆಯ ಮನೆಯವರು ಪ್ರತ್ಯೇಕವಾಗಿರುವುದು ಹೇಗೆ? ಅವರಿಗೆ ನೀರು ಕೊಡುವ ಬೋರ್‌ವೆಲ್ ಯಾವುದು, ಅಡುಗೆ ಮಾಡುವವರು ಯಾರು? ಇವು ಆದೇಶದಿಂದ ಬಗೆಹರಿಯುವ ಪ್ರಶ್ನೆಗಳಲ್ಲ. ಊರಿನವರು ಕುಳಿತು, ಜಗಳವಾಡಿಯಾದರೂ, ಒಪ್ಪಿಗೆಗೆ ಬರಬೇಕಾದವು. ಆ ವಸಂತದಲ್ಲಿ ದೇಶದ ಅನೇಕ ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಎಳೆದು ತಮ್ಮವರನ್ನೇ ಹೊರಗೆ ನಿಲ್ಲಿಸಿದ್ದನ್ನು ನಾವು ಬಲ್ಲೆವು. ಅಂಥ ತೀರ್ಮಾನ ಅರಳಿಕಟ್ಟೆಯಲ್ಲಿ ಆಗುತ್ತದೆ, ಅಲ್ಲಿ ಎಲ್ಲರ ಮಾತಿಗೂ ಒಂದೇ ತೂಕವಿಲ್ಲ. ಸುಗ್ಗಿಗೆ ಹೋದವರು ಬಹುಪಾಲು ಭೂಮಿಯಿಲ್ಲದವರು, ಅಥವಾ ಮಳೆಯನ್ನೇ ನಂಬಿದ ತುಂಡು ಹೊಲದವರು. ಮೀಸಲಾತಿಯಿಂದ ಪಂಚಾಯಿತಿಯ ಸದಸ್ಯತ್ವ ದೊರೆಯುವುದು ಇಂಥ ಕೇರಿಗಳಿಗೇ. ಆ ಕೇರಿಯಿಂದ ಅಧಿಕಾರದಿಂದ ಮಾತನಾಡುವ ಒಬ್ಬ ಸದಸ್ಯನೂ ಆಗ ಇರಲಿಲ್ಲ.

ಉದ್ಯೋಗ ಖಾತರಿಯದೂ ಅದೇ ಕತೆ. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಈ ಯೋಜನೆಗೆ 40,000 ಕೋಟಿ ರೂಪಾಯಿ ಹೆಚ್ಚುವರಿಯಾಗಿ ಒದಗಿಸಿತು. ಊರಿನಲ್ಲಿ ಯಾವ ಕೆಲಸ ಆಗಬೇಕೆಂಬುದನ್ನು ಗ್ರಾಮಸಭೆಯ ಶಿಫಾರಸಿನಂತೆ ಪಂಚಾಯಿತಿ ಗುರುತಿಸಬೇಕೆಂದು ಆಗಿನ ಕಾಯಿದೆಯೇ ಹೇಳುತ್ತಿತ್ತು. ಇಲ್ಲಿ ಆ ಮಾತು ವಿಶೇಷಾಧಿಕಾರಿಯ ಪಾಲಾಗಿತ್ತು. ಗಡಿಯ ಈಚೆಗೂ ಆಚೆಗೂ ಕೂಲಿಯಲ್ಲಿದ್ದ ವ್ಯತ್ಯಾಸವನ್ನೂ ನೋಡಿ: ಆ ವರ್ಷ ಆಂಧ್ರದಲ್ಲಿ ದಿನಕ್ಕೆ 237 ರೂಪಾಯಿ, ಕರ್ನಾಟಕದಲ್ಲಿ 275.

ಗಡಿಯ ಮಾತು ಬಂದುದರಿಂದ ಒಂದು ಸಂಗತಿ. ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವೇ. ಆಂಧ್ರ ರಾಜ್ಯ ರಚನೆಯಾದಾಗ ಅವು ಕರ್ನೂಲಿಗೆ ಸೇರಿದವು. ನಂಟಸ್ತಿಕೆ ಮಾತ್ರ ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳ ಕಡೆಗೇ ಉಳಿಯಿತು. ಹೆಣ್ಣು ಕೊಡುವುದು, ತರುವುದು, ಆಸ್ಪತ್ರೆಗೆ ಹೋಗುವುದು ಇಂದಿಗೂ ಆ ದಾರಿಯಲ್ಲೇ. 2020ರ ಬೇಸಗೆಯಲ್ಲಿ ಚೆಕ್‌ಪೋಸ್ಟುಗಳು ಬಿಗಿಯಾದಾಗ ನಕಾಶೆಯ ಮೇಲಿದ್ದ ಗೆರೆ ನೆಲದ ಮೇಲೆ ಬಂದು ನಿಂತಿತು. ಗೆರೆಯ ಆಚೆಯ ಕರ್ನಾಟಕದ ಹಳ್ಳಿಗಳಲ್ಲಿ ಆಗ ಚುನಾಯಿತ ಪಂಚಾಯಿತಿಗಳ ಕೊನೆಯ ತಿಂಗಳುಗಳು ನಡೆಯುತ್ತಿದ್ದವು. ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ಅಧ್ಯಕ್ಷರ ನೇತೃತ್ವದಲ್ಲಿದ್ದವು. ಅಲ್ಲಿಯೂ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು, ಆದರೆ 2020ರ ಡಿಸೆಂಬರ್ 22 ಮತ್ತು 27ರಂದು ಚುನಾವಣೆ ಮುಗಿಯಿತು. ತಿಂಗಳುಗಳ ಅಂತರ ಅಲ್ಲಿ, ಎರಡೂವರೆ ವರ್ಷಗಳ ಅಂತರ ಇಲ್ಲಿ.

ಚುನಾಯಿತ ಸಭೆಯಿದ್ದಿದ್ದರೆ ಎಲ್ಲವೂ ಸರಿಯಾಗುತ್ತಿತ್ತೆಂದು ನಾನು ವಾದಿಸುತ್ತಿಲ್ಲ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ಸುತ್ತಲಿನ ಊರಿನವರು ಕೋಲು ಹಿಡಿದು ಸೆಣಸುತ್ತಾರೆ. 2020ರಲ್ಲಿ ಸೋಂಕಿನ ಕಾರಣ ಅಧಿಕಾರಿಗಳು ನಿರ್ಬಂಧ ಹೇರಿದರು. ಜನ ಸೇರಿಯೇ ಸೇರಿದರು, ಗಾಯಗಳೂ ಆದವು. ಮುಂದಿನ ವರ್ಷ ಸರ್ಪಂಚರಿದ್ದಾಗಲೂ ಕೋಲುಗಳು ಎದ್ದವು. ಇದಕ್ಕೆ ತಿರುಗುಮುರುಗಾಗಿ, 2020ರ ನವೆಂಬರಿನಲ್ಲಿ ಮಂತ್ರಾಲಯವೂ ಸೇರಿದಂತೆ ನಡೆದ ತುಂಗಭದ್ರಾ ಪುಷ್ಕರದಲ್ಲಿ ನದಿಯಲ್ಲಿ ಮುಳುಗು ಹಾಕಲು ಅನುಮತಿ ಇರಲಿಲ್ಲ, ಘಾಟುಗಳಲ್ಲಿ ಹಿಂದಿನ ಜನಸಂದಣಿಯೂ ಇರಲಿಲ್ಲ. ಪುಷ್ಕರ ನಡೆಸುವವರು ಸರಕಾರ ಮತ್ತು ಮಠ. ದೇವರಗಟ್ಟಿನ ಉತ್ಸವ ಊರುಗಳ ಸ್ವಂತ ಹಕ್ಕು. ಅಲ್ಲಿ ಮಾತು ನಡೆಯುವುದಾದರೆ ಊರಿನ ಹಿರಿಯರ ಮೂಲಕ ಮಾತ್ರ.

ಪಂಚಾಯಿತಿ ಚುನಾವಣೆಗಳು ಕೊನೆಗೂ 2021ರ ಫೆಬ್ರವರಿ 9, 13, 17 ಮತ್ತು 21ರಂದು ನಾಲ್ಕು ಹಂತಗಳಲ್ಲಿ ನಡೆದವು. ಆಂಧ್ರದಲ್ಲಿ ಸರ್ಪಂಚರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಕರ್ನಾಟಕದಂತೆ ಸದಸ್ಯರು ಅಧ್ಯಕ್ಷರನ್ನು ಆರಿಸುವ ಕ್ರಮ ಅಲ್ಲಿಲ್ಲ. ಹೊಸ ಸರ್ಪಂಚರು ಆಸನ ಹಿಡಿದು ಸರಿಯಾಗಿ ಕೂರುವ ಮೊದಲೇ ಎರಡನೆಯ ಅಲೆ ಬಂದಿತು. ಬ್ಲೀಚಿಂಗ್ ಪುಡಿ, ಚರಂಡಿ, ಕುಡಿಯುವ ನೀರು, ಸತ್ತವರ ಸಂಸ್ಕಾರ, ಲಸಿಕೆಗೆ ಅಂಜುವವರ ಮನವೊಲಿಕೆ ಎಲ್ಲಕ್ಕೂ ಜನ ಹೋಗಿ ನಿಂತದ್ದು ತಾವು ಮತ ಹಾಕಿದವರ ಮನೆಯ ಮುಂದೆ. ಅವರ ಕೈಯಲ್ಲಿ ಎಷ್ಟು ಅಧಿಕಾರವಿತ್ತು? 2021ರ ಮಾರ್ಚ್ 25ರ ಒಂದು ಸರಕಾರಿ ಆದೇಶ ಗ್ರಾಮ ಸಚಿವಾಲಯದ ಸಿಬ್ಬಂದಿಯ ಮೇಲಿನ ಹಲವು ಅಧಿಕಾರಗಳನ್ನು ಗ್ರಾಮ ಕಂದಾಯಾಧಿಕಾರಿಗೆ ಒಪ್ಪಿಸಿತ್ತು. ಸರ್ಪಂಚರು ಊರಿಗೆ ಉತ್ತರ ಕೊಡಬೇಕು, ಸಿಬ್ಬಂದಿ ಬೇರೆಯವರಿಗೆ ಉತ್ತರ ಕೊಡಬೇಕು ಎಂಬಂತಾಯಿತು. ಇದು ಪಂಚಾಯಿತಿಗಳ ಹಕ್ಕಿಗೆ ವಿರುದ್ಧವೆಂದು ಪ್ರಕರಣ ಹೈಕೋರ್ಟಿಗೆ ಹೋಯಿತು. ಜುಲೈನಲ್ಲಿ ನ್ಯಾಯಾಲಯ ಆ ಆದೇಶವನ್ನು ಅಮಾನತಿನಲ್ಲಿರಿಸಿತು. ಅಷ್ಟರಲ್ಲಿ ಎರಡನೆಯ ಅಲೆ ಇಳಿದಿತ್ತು, ಮುಂಗಾರು ಬಿತ್ತನೆ ನಡೆದಿತ್ತು.