ಸೋಗಲಾಡಿ ಯಾರು?

ನಮ್ಮ ಹಳೇಕೋಟೆ ಸೀಮೆಯಲ್ಲಿ ಒಳಗೊಂದು ಹೊರಗೊಂದು ನಡೆಯುವವನನ್ನು 'ಸೋಗಲಾಡಿ' ಅಂತೀವಿ. ಓದಿಕೊಂಡವರು ಇವನನ್ನೇ 'ಆಷಾಢಭೂತಿ' ಎನ್ನುತ್ತಾರೆ. ಎರಡೂ ಒಂದೇ ಎಂದು ದಲಿತ ವಿಮರ್ಶೆ ಒಪ್ಪಿಕೊಳ್ಳಬೇಕಾಗಿಲ್ಲ.

ಆಷಾಢಭೂತಿ ಪಂಚತಂತ್ರದಿಂದ ಬಂದವನು. ದೇವಶರ್ಮನೆಂಬ ಸನ್ಯಾಸಿ, ಜನ ಕೊಟ್ಟ ನಯವಾದ ಬಟ್ಟೆಗಳನ್ನು ಮಾರಿ ಹಣ ಕೂಡಿಟ್ಟು, ಗಂಟನ್ನು ಹಗಲೂ ರಾತ್ರಿ ಕಂಕುಳಲ್ಲೇ ಇಟ್ಟುಕೊಂಡಿರುತ್ತಾನೆ. ಆಷಾಢಭೂತಿ ಶಿಷ್ಯನಾಗಿ ಸೇರಿ, ನಂಬಿಕೆ ಗಳಿಸಿ, ಗಂಟಿನ ಸಮೇತ ಪರಾರಿಯಾಗುತ್ತಾನೆ. ಬೈಗುಳವಾಗಿ ಉಳಿದದ್ದು ಶಿಷ್ಯನ ಹೆಸರು ಮಾತ್ರ. ಎಲ್ಲ ಬಿಟ್ಟೆ ಅಂದವನ ಕಂಕುಳಲ್ಲಿ ಗಂಟು ಯಾಕಿತ್ತು? ಕಥೆಯಲ್ಲಿ ದೇವಶರ್ಮ ಕೊನೆಗೆ ತಪ್ಪು ತನ್ನದೇ ಎಂದು ಒಪ್ಪುತ್ತಾನೆ. ಭಾಷೆ ಮಾತ್ರ ಅವನನ್ನು ಬಿಟ್ಟುಬಿಟ್ಟಿದೆ. ಯಾರ ಸೋಗಿಗೆ ಹೆಸರು ಅಂಟುತ್ತದೆ, ಯಾರದಕ್ಕೆ ಅಂಟುವುದಿಲ್ಲ ಎಂಬುದು ಅಧಿಕಾರದ ಪ್ರಶ್ನೆ.

ಸೋಗು ಎಂದರೆ ವೇಷ. ಆಟದಲ್ಲಿ ವೇಷ ಕಟ್ಟಿದವನು ಬೆಳಗಾದರೆ ಬಣ್ಣ ತೊಳೀತಾನೆ. ಸೋಗಲಾಡಿ ತೊಳೆಯೋದೇ ಇಲ್ಲ. 'ಹೇಳೋದು ಶಾಸ್ತ್ರ, ಹಾಕೋದು ಗಾಳ' ಎಂಬ ಗಾದೆ ಅವನಿಗೇ ಒಪ್ಪುತ್ತದೆ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತು. ನಮ್ಮದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಲಾಯಿತು. ದಂಡ ಹಾಕಿದವರನ್ನು ನಾನು ಸೋಗಲಾಡಿಗಳು ಎನ್ನಲಾರೆ. ಅವರದು ಬಹಿರಂಗ ಜಾತೀಯತೆ, ಅದಕ್ಕೆ ಕಾನೂನಿದೆ. "ಈಗೆಲ್ಲಿದೆ ಸ್ವಾಮಿ ಜಾತಿ?" ಎಂದು ಭಾಷಣ ಬಿಗಿದು, ಇಂಥ ದಿನ ಬಾಯಿ ಹೊಲಿದುಕೊಂಡು ಕೂರುವವನು ಸೋಗಲಾಡಿ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಫೋಟೋಗೆ ಹಾರ ಹಾಕಿ, ಮನೆಗೆ ಬಂದ ದಲಿತ ಗೆಳೆಯನನ್ನು ಜಗುಲಿಯಿಂದಲೇ ಸಾಗಹಾಕುವವನೂ ಅವನೇ. ಇವನು ಕಾನೂನಿನ ಕೈಗೆ ಸಿಗುವುದಿಲ್ಲ. ಆದ್ದರಿಂದಲೇ ನಮಗೆ ಈ ಪದ ಬೇಕು.

ಆದರೆ ಪೇಟೆಯಲ್ಲಿ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಡುವ ನಮ್ಮ ಹುಡುಗನನ್ನೂ ಕೆಲವರು ಸೋಗಲಾಡಿ ಅಂತಾರೆ. ಇದು ಪದಕ್ಕೆ ಮಾಡುವ ದ್ರೋಹ. ಮರಾಠಿಯ ಬಾಬೂರಾವ್ ಬಾಗುಲ್ 1963ರಲ್ಲೇ, ಜಾತಿ ಮರೆಮಾಚಿದ ಮಾತನ್ನೇ ತಮ್ಮ ಕಥಾಸಂಕಲನದ ಶೀರ್ಷಿಕೆ ಮಾಡಿದರು. ಆ ಹುಡುಗ ವೇಷ ಕಳಚಿದರೆ ತಲೆ ಮೇಲಿನ ಸೂರು ಹೋಗುತ್ತದೆ. ಸೋಗಲಾಡಿ ಕಳಚಿದರೆ ಹೋಗುವುದು ಹಾರ-ತುರಾಯಿ. ಒಂದು ಬದುಕುವ ಉಪಾಯ, ಇನ್ನೊಂದು ಆಳುವ ಉಪಾಯ.

ಹಾಗಾಗಿ ಈ ಪದ ಬಳಸುವ ಮುನ್ನ ಕೇಳಬೇಕಾದ್ದು ಇಷ್ಟೆ: ವೇಷದ ಲಾಭ ಯಾರಿಗೆ? ಕಳಚಿದರೆ ನಷ್ಟವೇನು? ವೇದಿಕೆಯಲ್ಲಿ ಸಮಾನತೆ ಮಾತಾಡಿ, ಮನೇಲಿ ಹೆಂಡತಿಯ ಬಾಯಿ ಮುಚ್ಚಿಸುವ ನಮ್ಮ ಸಂಘಟನೆಯ ಗಂಡಸರಿಗೂ ಈ ಪ್ರಶ್ನೆ ಹಾಕಲೇಬೇಕು.