ಎಚ್.ಐ.ವಿ. ಮತ್ತು ಗಾಂಜಾ: ಗುಣದೋಷಗಳ ವಿವೇಚನೆ

ಒಂದು ವಸ್ತು ಔಷಧವೋ ವಿಷವೋ ಎಂಬುದು ಅದರ ಪ್ರಮಾಣವನ್ನೂ ಬಳಸುವವರ ದೇಹಸ್ಥಿತಿಯನ್ನೂ ಅವಲಂಬಿಸಿದೆ. ಎಚ್.ಐ.ವಿ. ಸೋಂಕಿತರ ವಿಷಯದಲ್ಲಿ ಗಾಂಜಾ ಇದಕ್ಕೆ ತಕ್ಕ ನಿದರ್ಶನ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಹಸಿವಿಲ್ಲದೆ, ವಾಕರಿಕೆಯಿಂದ ಕೃಶರಾದ ಹಲವು ಏಡ್ಸ್ ರೋಗಿಗಳು ಹಿಂದೆ ಗಾಂಜಾದ ಮೊರೆಹೊಕ್ಕರು. ಅದರ ಸತ್ವದ ಕೃತಕ ರೂಪವಾದ ‘ಡ್ರೊನಾಬಿನಾಲ್’ ಗುಳಿಗೆಗೆ, ಇಂಥವರ ಹಸಿವು ಹೆಚ್ಚಿಸಲೆಂದು, 1992ರಲ್ಲಿ ಅಲ್ಲಿನ ಸರ್ಕಾರದ ಮನ್ನಣೆ ದೊರೆಯಿತು. ಡಾ. ಡೊನಾಲ್ಡ್ ಏಬ್ರಮ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಂಜಾ ಸೇದಿದವರ ಪೈಕಿ ಶೇ. 52 ಮಂದಿಗೆ ನರಗಳ ಉರಿನೋವು ಗಣನೀಯವಾಗಿ ತಗ್ಗಿತು; ಸತ್ವರಹಿತ ಸಿಗರೇಟು ಸೇದಿದವರಲ್ಲಿ ಈ ಪ್ರಮಾಣ ಶೇ. 24. ಆದರೆ ಅದು ಕೇವಲ 50 ರೋಗಿಗಳ, 5 ದಿನಗಳ ಸೇವನೆಯ ಫಲ.

ಇನ್ನು ಕೆಡುಕುಗಳು. ಹೊಗೆಯು ಶ್ವಾಸಕೋಶಕ್ಕೆ ಹಾನಿಕರ. ಸೊಪ್ಪಿಗೆ ಹಿಡಿದ ಬೂಷ್ಟು ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೋಂಕು ತರಬಲ್ಲದು. ಮನಸ್ಸು ಮಂಕಾದರೆ ಮಾತ್ರೆಯ ಹೊತ್ತು ತಪ್ಪೀತು. ವೈರಾಣುವನ್ನು ಹತ್ತಿಕ್ಕುವ ಶಕ್ತಿ ಎ.ಆರ್.ಟಿ. ಮಾತ್ರೆಗಳಿಗುಂಟೇ ಹೊರತು ಗಾಂಜಾಕ್ಕಿಲ್ಲ.

ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯಂತೆ ಗಾಂಜಾ ಇಟ್ಟುಕೊಳ್ಳುವುದು ಅಪರಾಧ. ಎ.ಆರ್.ಟಿ.ಯಾದರೋ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಉದ್ಯೋಗಕ್ಕಾಗಿ ಊರು ಬದಲಿಸಿದವರು ಚಿಕಿತ್ಸೆಯನ್ನು ಹೊಸ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಗಾಂಜಾದ ಅಭ್ಯಾಸವಿದ್ದಲ್ಲಿ ಸಂಕೋಚಪಡದೆ ವೈದ್ಯರಿಗೆ ತಿಳಿಸುವುದು ಲೇಸು. ನೋವಿಗೂ ಹಸಿವಿಗೂ ಬೇರೆ ಮದ್ದುಗಳಿವೆ. ತಪ್ಪಿಸಿದ ಮಾತ್ರೆಗೆ ಬದಲಿಯಿಲ್ಲ.