ಅನುಮತಿ ಸಿಕ್ಕ ದಿನ, ಔಷಧ ಸಿಕ್ಕ ದಿನ

ಒಂದು ಔಷಧ ಯಾವಾಗ ಬಳಕೆಗೆ ಬಂತು ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಸರ್ಕಾರ ಅದಕ್ಕೆ ಅನುಮತಿ ಕೊಟ್ಟ ದಿನಾಂಕ. ವೈದ್ಯರ ಚೀಟಿ ತೋರಿಸಿದವರಿಗೆ ಔಷಧ ಸಿಗತೊಡಗಿದ ದಿನ ಬೇರೆಯೇ ಇರಬಹುದು. ಅಮೆರಿಕದಲ್ಲಿ ಎಪಿಡಿಯೋಲೆಕ್ಸ್ ಎಂಬ ಮೂರ್ಛೆರೋಗದ ಔಷಧ ಬಳಕೆಗೆ ಬಂದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಗಾಂಜಾ ಗಿಡದಿಂದ ಬೇರ್ಪಡಿಸಿದ ಕ್ಯಾನಬಿಡಿಯಾಲ್ ಇದರ ಮುಖ್ಯ ಅಂಶ. ಅದಕ್ಕೆ ನಶೆ ಏರಿಸುವ ಗುಣವಿಲ್ಲ. ಎಳ್ಳೆಣ್ಣೆ ಸೇರಿಸಿ, ಸ್ಟ್ರಾಬೆರಿ ರುಚಿ ಕೊಟ್ಟ ಈ ದ್ರವದ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧವಿರುತ್ತದೆ. ಮಗುವಿನ ತೂಕಕ್ಕೆ ತಕ್ಕಂತೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ದಿನಕ್ಕೆ ಎರಡು ಸಲ ಕುಡಿಸುತ್ತಾರೆ. ಡ್ರಾವೆಟ್ ಮತ್ತು ಲೆನಾಕ್ಸ್-ಗ್ಯಾಸ್ಟೋ ಎಂಬ, ಬಾಲ್ಯದಲ್ಲೇ ಶುರುವಾಗಿ ಮಾಮೂಲಿ ಮಾತ್ರೆಗಳಿಗೆ ಸುಲಭವಾಗಿ ಬಗ್ಗದ ಎರಡು ಬಗೆಯ ಮೂರ್ಛೆರೋಗಗಳಿಗೆ ಇದನ್ನು ಮೊದಲು ಒಪ್ಪಲಾಯಿತು.

516 ರೋಗಿಗಳ ಮೇಲೆ ನಡೆದ ಮೂರು ಪ್ರಯೋಗಗಳ ಫಲಿತಾಂಶ ನೋಡಿ, ಅಲ್ಲಿನ ಆಹಾರ ಮತ್ತು ಔಷಧ ಆಡಳಿತವಾದ ಎಫ್‌ಡಿಎ 2018ರ ಜೂನ್ 25ರಂದು ಅನುಮತಿ ನೀಡಿತು. ಆದರೂ ಔಷಧವನ್ನು ಆಗ ಮಾರುವಂತಿರಲಿಲ್ಲ. ಗಾಂಜಾದಿಂದ ತೆಗೆದ ಕ್ಯಾನಬಿಡಿಯಾಲ್ 1970ರ ಕಾಯಿದೆಯ ಪ್ರಕಾರ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿತ್ತು. ಆ ಪಟ್ಟಿಯ ವಸ್ತುಗಳನ್ನು ವೈದ್ಯರು ಬರೆದುಕೊಡುವಂತಿಲ್ಲ. ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಈ ಔಷಧವನ್ನು ಅತಿ ಸಡಿಲವಾದ ಐದನೆಯ ಪಟ್ಟಿಗೆ ಇಳಿಸಿದ ಆದೇಶ ಸೆಪ್ಟೆಂಬರ್ 28ರಂದು ಅಲ್ಲಿನ ರಾಜಪತ್ರದಲ್ಲಿ ಪ್ರಕಟವಾಯಿತು. ನವೆಂಬರ್ 1ರಂದು ಔಷಧದ ತಯಾರಕ ಕಂಪನಿಯು 50 ರಾಜ್ಯಗಳಲ್ಲೂ ಔಷಧ ದೊರೆಯುತ್ತದೆಂದು ಸಾರಿತು. ಅನುಮತಿಯಿಂದ ಅಲ್ಲಿಗೆ 129 ದಿನ. ದಿನವೂ ಫಿಟ್ಸ್ ಬರುವ ಮಗುವಿರುವ ಮನೆಗೆ ಇದು ಸಣ್ಣ ಅವಧಿಯಲ್ಲ.

ಈ ಮೂರು ದಿನಾಂಕಗಳಿಗೆ ಮೂರು ಬೇರೆ ದಾಖಲೆಗಳಿವೆ: ಎಫ್‌ಡಿಎಯ ಅನುಮತಿ ಪತ್ರ, ರಾಜಪತ್ರದ ಆದೇಶ, ಕಂಪನಿಯ ಪ್ರಕಟಣೆ. ಯಾವುದನ್ನು ನೋಡುತ್ತಿದ್ದೇವೆ ಎಂಬ ಎಚ್ಚರವಿರಬೇಕು. 2020ರ ಜುಲೈಯಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ಕಾಯಿಲೆಯಿಂದ ಬರುವ ಫಿಟ್ಸ್‌ಗೂ ಇದೇ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆ ದಿನಾಂಕ ಕಣ್ಣಿಗೆ ಬಿದ್ದವರು ಔಷಧವೇ 2020ರಲ್ಲಿ ಬಂತೆಂದು ತಿಳಿಯಬಹುದು.

‘ದೇಶದಾದ್ಯಂತ ಲಭ್ಯ’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಆರಂಭದಲ್ಲಿ ಇದು ಸಿಗುತ್ತಿದ್ದುದು ಮೂಲೆಯಂಗಡಿಯಲ್ಲಲ್ಲ, ಇಂಥ ಔಷಧಗಳಿಗೆಂದೇ ಇರುವ ವಿಶೇಷ ಫಾರ್ಮಸಿಗಳ ಮೂಲಕ. ವರ್ಷಕ್ಕೆ ಸುಮಾರು 32,500 ಡಾಲರ್ ಬೆಲೆಯಾದ್ದರಿಂದ ವಿಮೆಯ ಒಪ್ಪಿಗೆಯೂ ಬೇಕಿತ್ತು. ಇಂಗ್ಲೆಂಡಿನಲ್ಲಿ ಕಥೆ ಇನ್ನೊಂದು ಬಗೆ. ಯುರೋಪಿನ ಅನುಮತಿ 2019ರ ಸೆಪ್ಟೆಂಬರಿನಲ್ಲೇ ಬಂದಿದ್ದರೂ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಔಷಧವನ್ನು ಕೊಡತೊಡಗಿದ್ದು 2020ರ ಜನವರಿಯಲ್ಲಿ.

ನಮ್ಮ ದೇಶದಲ್ಲಿ ಹೊಸ ಔಷಧಕ್ಕೆ ಒಪ್ಪಿಗೆ ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ. ಹೊಸ ಔಷಧದ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಒಪ್ಪಿಗೆ ಸಿಕ್ಕಿದ್ದು ಯಾವ ದೇಶದಲ್ಲಿ? ಯಾವ ಕಾಯಿಲೆಗೆ? ಮಾರಾಟ ಶುರುವಾಗಿದೆಯೇ? ಉತ್ತರ ಏನೇ ಇರಲಿ, ಈಗ ನಡೆಯುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ಹೊತ್ತೂ ನಿಲ್ಲಿಸಬೇಡಿ.